ಬೇಸಿಗೆ ಮನೆ: ಯಾವ ಹೊತ್ತಿನಲ್ಲಿ ಕೂರುತ್ತೀರಿ ಎನ್ನುವುದೇ ಮೊದಲ ಲೆಕ್ಕ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಹೊಲದಲ್ಲೊಂದು ಸಣ್ಣ ಮನೆ ಕಟ್ಟಿಕೊಳ್ಳುವ ಆಸೆ ಈಗ ಒಕ್ಕಲುತನದವರದ್ದಷ್ಟೇ ಆಗಿ ಉಳಿದಿಲ್ಲ. ಊರಲ್ಲಿ ನೌಕರಿ ಮಾಡುವವರಿಗೆ ಭಾನುವಾರ ಕಳೆಯಲು, ಬೆಂಗಳೂರು, ಹೈದರಾಬಾದಿನಿಂದ ಮಕ್ಕಳು ರಜೆಗೆ ಬಂದಾಗ ಉಳಿಯಲು ತೋಟದ ನಡುವೆ ಒಂದು ನೆರಳು ಬೇಕಾಗಿದೆ. ಮೊಬೈಲಿನಲ್ಲಿ ಕಂಡ ಚಿತ್ರವನ್ನು ಮೇಸ್ತ್ರಿಗೆ ತೋರಿಸಿ ಇಂಥದ್ದೇ ಆಗಬೇಕು ಎನ್ನುತ್ತಾರೆ. ಚಿತ್ರದಲ್ಲಿರುವುದು ದೊಡ್ಡ ಗಾಜು, ಹಲಗೆಯ ಗೋಡೆ, ತೆಳು ಛಾವಣಿ. ಅದನ್ನು ಹಾಗೇ ಕಟ್ಟಿದರೆ ಏಪ್ರಿಲ್‌ನಲ್ಲಿ ಮಧ್ಯಾಹ್ನ 12ರಿಂದ ಸಂಜೆ 6ರವರೆಗೆ ಒಳಗೆ ಕಾಲಿಡಲಾಗದು. ಬೇಸಿಗೆಗೆಂದು ಕಟ್ಟಿದ ಮನೆಗೆ ಬೇಸಿಗೆಯಲ್ಲೇ ಬೀಗ ಬೀಳುತ್ತದೆ.

ಹೀಗಾಗುವುದಕ್ಕೆ ಕಾರಣಗಳು ಸ್ಪಷ್ಟವಾಗಿವೆ, ಲೆಕ್ಕಕ್ಕೂ ಸಿಗುತ್ತವೆ.

ಚಿತ್ರದ ಮನೆ ಎಲ್ಲಿಯದು

ಬೇಸಿಗೆ ಮನೆ ಎಂದರೆ ಮುಖ್ಯವಾಗಿ ಎರಡು ಬಗೆ. ಒಂದು, ತೋಟದಲ್ಲಿ ಒಂದೆರಡು ತಾಸು ಕೂತೆದ್ದು ಬರುವ ಮಂಟಪ ಅಥವಾ ಸಣ್ಣ ಕೋಣೆ. ಇನ್ನೊಂದು, ವರ್ಷದಲ್ಲಿ ಕೆಲವು ವಾರ ಹೋಗಿ ಉಳಿಯುವ ರಜೆಯ ಮನೆ.

ಇಂಗ್ಲೆಂಡಿನ ತೋಟಗಳಲ್ಲಿ ಮೊದಲ ಬಗೆಯದು ಬಹಳ. ಲಂಡನ್ನಿನಲ್ಲಿ ಜುಲೈ ತಿಂಗಳಲ್ಲೂ ಹಗಲಿನ ಸರಾಸರಿ ಗರಿಷ್ಠ ತಾಪ 23-24 ಡಿಗ್ರಿ ಮಾತ್ರ. ಹೀಗಾಗಿ ಆ ಮನೆಗಳ ಕೆಲಸವೇ ಬಿಸಿಲು ಹಿಡಿಯುವುದು. ದಕ್ಷಿಣಕ್ಕೆ ಮುಖ, ಮುಂಭಾಗಕ್ಕೆಲ್ಲ ಗಾಜು. ನಾಟಕಕಾರ ಜಾರ್ಜ್ ಬರ್ನಾರ್ಡ್ ಶಾ ಬರೆಯಲು ಕೂರುತ್ತಿದ್ದ ಗುಡಿಸಲನ್ನಂತೂ ಬಿಸಿಲು ಬಂದ ಕಡೆಗೆ ತಿರುಗಿಸಬಹುದಿತ್ತು. ರಷ್ಯಾದ ದಾಚಾಗಳು, ಸ್ವೀಡನ್, ಫಿನ್ಲೆಂಡಿನ ಕೆರೆದಂಡೆಯ ಮರದ ಮನೆಗಳು ಎರಡನೇ ಬಗೆಯವು. ಅವೂ ಉದ್ದನೆಯ ಚಳಿಗಾಲ ಕಳೆದ ಮೇಲೆ ಬಿಸಿಲು ಸವಿಯುವ ಜಾಗಗಳೇ.

ನಮ್ಮ ಕಡೆಯ ಕಟ್ಟಡಗಳ ಗುರಿ ಇದಕ್ಕೆ ತಿರುಗುಮುರುಗು. ಆನೆಗೊಂದಿಯಿಂದ ತುಂಗಭದ್ರಾ ಹೊಳೆ ದಾಟಿದರೆ ಹಂಪಿಯ ಜನಾನಾ (ರಾಣಿವಾಸ) ಆವರಣದಲ್ಲಿ ಕಮಲ ಮಹಲ್ ಇದೆ. ಅದರ ಕೆಳಅಂತಸ್ತಿಗೆ ನಾಲ್ಕೂ ಕಡೆ ತೆರೆದ ಕಮಾನುಗಳು, ದಪ್ಪ ಗಾರೆಯ ಕಂಬಗಳು. ನೆರಳಿದೆ, ಗಾಳಿಗೆ ತಡೆಯಿಲ್ಲ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ದಂಡಿನವರು ಸೆಕೆ ತಪ್ಪಿಸಿಕೊಳ್ಳಲು ಸಂಡೂರು ಬೆಟ್ಟಗಳ ರಾಮನದುರ್ಗಕ್ಕೆ ಏರುತ್ತಿದ್ದರು. ಅದು ಬಳ್ಳಾರಿ ಬಯಲಿಗಿಂತ ಸುಮಾರು 500 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರಕ್ಕೆ ತಾಪ 3ರಿಂದ 5 ಡಿಗ್ರಿ ಇಳಿಯುತ್ತದೆ. ಬಯಲಿನಲ್ಲೇ ಮನೆ ಕಟ್ಟುವವರಿಗೆ ಈ ಎತ್ತರದ ಸವಲತ್ತಿಲ್ಲ. ಅವರು ಆ 3-5 ಡಿಗ್ರಿಯನ್ನು ಛಾವಣಿ ಮತ್ತು ಗೋಡೆಗಳಿಂದಲೇ ಗಳಿಸಬೇಕು.

ಸೂರ್ಯ ಎಲ್ಲಿಂದ ಹೊಡೆಯುತ್ತಾನೆ

ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಉತ್ತರ ಅಕ್ಷಾಂಶ 15ರಿಂದ 16 ಡಿಗ್ರಿ ಆಸುಪಾಸಿನಲ್ಲಿವೆ. ಮೇ ಮೊದಲ ವಾರದಲ್ಲಿ ಸೂರ್ಯ ಇಲ್ಲಿ ಸರಿಯಾಗಿ ನಡುನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಮಧ್ಯಾಹ್ನ 12-20ರ ಸುಮಾರಿಗೆ ನೆರಳೇ ಇರದ ಆ ದಿನವನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಆಗಸ್ಟ್ ಎರಡನೇ ವಾರದ ಹೊತ್ತಿಗೆ ಅದು ಮತ್ತೊಮ್ಮೆ ಬರುತ್ತದೆ. ಈ ಎರಡರ ನಡುವೆ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೇ ವಾಲಿರುತ್ತಾನೆ.

ಇದರಿಂದ ತಿಳಿಯುವುದೇನು? ಮೇ ತಿಂಗಳಲ್ಲಿ ದಕ್ಷಿಣದ ಗೋಡೆಗೆ ಬಿಸಿಲಿನ ಕಾಟ ಬಹಳ ಕಮ್ಮಿ. ಮಧ್ಯಾಹ್ನದ ಹೊಡೆತವೆಲ್ಲ ಛಾವಣಿಯದ್ದು, ಸಂಜೆಯದ್ದು ಪಡುವಣ ಗೋಡೆಯದ್ದು. ನಡುಮಧ್ಯಾಹ್ನ ಒಂದು ಚದರ ಮೀಟರ್ ಮೇಲೆ ಸುಮಾರು ಒಂದು ಕಿಲೋವ್ಯಾಟ್ ಬಿಸಿಲು ಬೀಳುತ್ತದೆ. 12 ಅಡಿಗೆ 12 ಅಡಿಯ ಕೋಣೆಯ ಛಾವಣಿ 13 ಚದರ ಮೀಟರಿಗಿಂತ ಚೂರು ಹೆಚ್ಚು, ಎಂದರೆ ಅದರ ಮೇಲೆ 13 ಕಿಲೋವ್ಯಾಟ್. ಒಂದೂವರೆ ಟನ್ನಿನ ಏಸಿ ಹೊರಹಾಕಬಲ್ಲ ಶಾಖ ಸುಮಾರು 5 ಕಿಲೋವ್ಯಾಟ್. ಛಾವಣಿಗೆ ಬಿದ್ದದ್ದೆಲ್ಲ ಒಳಗೆ ಇಳಿಯುವುದಿಲ್ಲ ನಿಜ, ಆದರೆ ದುಡ್ಡನ್ನು ಮೊದಲು ಎಲ್ಲಿಗೆ ಹಾಕಬೇಕು ಎನ್ನುವುದಕ್ಕೆ ಈ ಲೆಕ್ಕ ಸಾಕು.

ಪಡುವಣಕ್ಕೆ 4 ಅಡಿಗೆ 5 ಅಡಿಯ ಗಾಜು ಇಟ್ಟರೆ ಸಂಜೆ 4ರ ಹೊತ್ತಿಗೆ ಅದೊಂದರಿಂದಲೇ ಒಂದು ಕಿಲೋವ್ಯಾಟ್ ಹತ್ತಿರ ಶಾಖ ಒಳಗೆ ಬರುತ್ತದೆ. ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಕಾದ ನೆಲ ಮತ್ತು ಸಾಮಾನುಗಳು ಹೊರಸೂಸುವ ಶಾಖವನ್ನು ಮಾತ್ರ ಹೊರಗೆ ಬಿಡುವುದಿಲ್ಲ. ಒಳಗೆ ಪರದೆ ಕಟ್ಟಿದರೆ ಕಣ್ಣಿಗೆ ಹಿತ, ಅಷ್ಟೇ. ಶಾಖ ಆಗಲೇ ಕೋಣೆಗೆ ಬಂದಾಗಿರುತ್ತದೆ. ತಡೆಯುವುದಿದ್ದರೆ ಗಾಜಿನ ಹೊರಗೇ ತಟ್ಟಿಯೋ ಚಾಪೆಯೋ ಬೇಕು.

ಹಗಲಿಗೆ ದಪ್ಪ, ರಾತ್ರಿಗೆ ತೆಳು

ಶಾಖ ಗೋಡೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಬರಲು ಹೊತ್ತು ಹಿಡಿಯುತ್ತದೆ. ತಗಡಿಗೆ ಕೆಲವೇ ನಿಮಿಷ ಸಾಕು. 4 ಇಂಚಿನ ಆರ್‌ಸಿಸಿ ಸ್ಲ್ಯಾಬಿಗೆ ಎರಡೂವರೆಯಿಂದ ಮೂರು ತಾಸು, 9 ಇಂಚಿನ ಇಟ್ಟಿಗೆ ಗೋಡೆಗೆ ಏಳೆಂಟು ತಾಸು, ಒಂದೂವರೆ ಅಡಿಯ ಕಲ್ಲು-ಮಣ್ಣಿನ ಗೋಡೆಗೆ ಹತ್ತು ತಾಸಿಗೂ ಮೇಲೆ. ದಾರಿ ಉದ್ದವಾದಷ್ಟೂ ಒಳಗೆ ಬರುವ ಶಾಖದ ಏರಿಳಿತವೂ ಸಣ್ಣದಾಗುತ್ತದೆ.

ಆರ್‌ಸಿಸಿ ಸ್ಲ್ಯಾಬಿನ ತೊಂದರೆ ಇಲ್ಲಿಯೇ ಇದೆ. ಮಧ್ಯಾಹ್ನ 1ಕ್ಕೆ ಮೇಲ್ಗಡೆ ಕಾದದ್ದು ಸಂಜೆ 4ಕ್ಕೆ ತಲೆಯ ಮೇಲಿಂದ ಇಳಿಯತೊಡಗುತ್ತದೆ, ಹೊರಗಿನ ಗಾಳಿಯೂ ಆಗಲೇ ಅತಿ ಬಿಸಿ. ರಾತ್ರಿ ಹತ್ತಾದರೂ ಸ್ಲ್ಯಾಬು ತಣಿದಿರುವುದಿಲ್ಲ. ತಗಡು ಮಧ್ಯಾಹ್ನ 60 ಡಿಗ್ರಿ ದಾಟುತ್ತದೆ, ಆದರೆ ಹೊತ್ತು ಮುಳುಗಿದ ಅರ್ಧ ತಾಸಿಗೆ ತಣ್ಣಗಾಗುತ್ತದೆ. ದಪ್ಪ ಗೋಡೆಯ, ಮೇಲೆ ಮಟ್ಟಸ ಮಣ್ಣಿನ ಛಾವಣಿಯ ಮಾಳಿಗೆ ಮನೆ ಮಧ್ಯಾಹ್ನ ತಂಪು, ರಾತ್ರಿಗೆ ಬೆಚ್ಚಗೆ. ಹಿಂದಿನವರು ಮಧ್ಯಾಹ್ನ ಪಡಸಾಲೆಯಲ್ಲಿ ಅಡ್ಡಾಗಿ ರಾತ್ರಿ ಮಾಳಿಗೆ ಏರಿ ಮಲಗುತ್ತಿದ್ದರಲ್ಲ, ಆ ರೂಢಿ ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ.

ಆದ್ದರಿಂದ ಕಟ್ಟುವ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ಇಲ್ಲಿ ಯಾವ ಹೊತ್ತಿನಲ್ಲಿ ಇರುತ್ತೀರಿ? ಬೆಳಗ್ಗೆ, ಸಂಜೆ ಕೂರುವುದಕ್ಕಾದರೆ ನಾಲ್ಕೂ ಕಡೆ ತೆರೆದ ಮಂಟಪ ಸಾಕು. ಮಧ್ಯಾಹ್ನದ ಊಟ ಮುಗಿಸಿ ಮಲಗುವುದಕ್ಕಾದರೆ ದಪ್ಪ ಗೋಡೆ, ದಪ್ಪ ಛಾವಣಿಯ ಒಂದು ಕೋಣೆ. ರಾತ್ರಿ ಉಳಿಯುವುದಕ್ಕಾದರೆ ಆ ಕೋಣೆಯ ಜೊತೆಗೆ ಬಯಲು ಕಟ್ಟೆ ಅಥವಾ ಮೇಲೇರುವ ಮೆಟ್ಟಿಲು. ಒಂದೇ ಕೋಣೆ ಎಲ್ಲ ಹೊತ್ತಿಗೂ ಹಿತವಾಗಿರುವುದು ಇಲ್ಲಿನ ಹವೆಯಲ್ಲಿ ಕಷ್ಟ.

ದಪ್ಪ ಗೋಡೆಯ ಕೋಣೆಗೊಂದು ಶಿಸ್ತು ಬೇಕು. ರಾತ್ರಿ 8ರಿಂದ ಬೆಳಗ್ಗೆ 7ರವರೆಗೆ ಕಿಟಕಿಗಳೆಲ್ಲ ತೆರೆದಿದ್ದು ಗೋಡೆ ತಣಿಯಬೇಕು. 9ಕ್ಕೆಲ್ಲ ಮುಚ್ಚಿ, ಹೊತ್ತು ಇಳಿಯುವವರೆಗೂ ತೆರೆಯಬಾರದು. ಹಗಲೆಲ್ಲ ಕಿಟಕಿ ತೆರೆದಿಟ್ಟರೆ 40 ಡಿಗ್ರಿಯ ಗಾಳಿಯನ್ನು ನಾವೇ ಕರೆದಂತೆ. ವಾರಕ್ಕೊಮ್ಮೆ ಮಾತ್ರ ಹೋಗುವವರಿಗೆ ಇದೊಂದು ತೊಡಕು. ಆರು ದಿನ ಮುಚ್ಚಿದ ಕೋಣೆಯ ಗೋಡೆಗಳು ಒಂದೇ ರಾತ್ರಿಯಲ್ಲಿ ಪೂರಾ ತಣಿಯುವುದಿಲ್ಲ. ಅಂಥವರು ಗೋಡೆಯ ಮೇಲ್ತುದಿಗೆ ಜಾಲರಿ ಹೊಡೆದ ಬೆಳಕಿಂಡಿ ಬಿಟ್ಟು, ಅದನ್ನು ಸದಾ ತೆರೆದೇ ಇಡಬೇಕು. ಕಾದ ಗಾಳಿ ಹಗುರ, ಅಲ್ಲಿಂದ ತಾನೇ ಹೋಗುತ್ತದೆ.

ಮಾಳಿಗೆಯ ಒಳಗುಟ್ಟು

ಮಣ್ಣಿನ ಮಾಳಿಗೆಯಷ್ಟು ಈ ಹವೆಗೆ ಒಗ್ಗುವ ಛಾವಣಿ ಇನ್ನೊಂದಿಲ್ಲ. ಅದನ್ನು ಮತ್ತೆ ಕಟ್ಟಲು ಹೊರಡುವವರು ಮಾತ್ರ ಅದರ ತೂಕವನ್ನು ಮರೆಯಬಾರದು.

ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಒಂದೊಂದು ಅಡಿ ಅಂತರಕ್ಕೆ ಜಂತಿ, ಜಂತಿಗಳ ಮೇಲೆ ಕಟ್ಟಿಗೆ ಚಕ್ಕೆ ಅಥವಾ ಫರ್ಸಿ ಕಲ್ಲು, ಅದರ ಮೇಲೆ ಸೊಪ್ಪಿನ ಹಾಸು, ಆಮೇಲೆ ಮಣ್ಣು, ಎಲ್ಲಕ್ಕಿಂತ ಮೇಲೆ ಚೌಳು ಮಣ್ಣು. ಚೌಳಿನಲ್ಲಿ ಸೋಡಿಯಂ ಲವಣ ಹೆಚ್ಚು. ಬೆಳೆಗೆ ಅದು ಕಂಟಕ, ಮಾಳಿಗೆಗೆ ವರ. ನೀರು ಬಿದ್ದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತವೆ, ನೀರು ಕೆಳಗಿಳಿಯದೆ ಕುಂಬಿಯ ಕಡೆ ಹರಿಯುತ್ತದೆ. ಬರೀ ಕೆಂಪು ಮಣ್ಣು ಹಾಕಿದ ಮಾಳಿಗೆ ಸೋರುವುದು, ಚೌಳು ಹಾಕಿದ್ದು ತಡೆಯುವುದು ಈ ಕಾರಣಕ್ಕೆ.

6 ಇಂಚು ಮಣ್ಣು ಹಾಕಿದರೆ ಒಂದು ಚದರ ಅಡಿಗೆ ಹತ್ತಿರ ಹತ್ತಿರ 24 ಕಿಲೋ ಭಾರ. 12 ಅಡಿಗೆ 12 ಅಡಿಯ ಕೋಣೆಗೆ ಇದು ಮೂರೂವರೆ ಟನ್. ನೆಂದರೆ ಇನ್ನೂ ಹೆಚ್ಚು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹಳೆಯದನ್ನು ಕೆರೆಯದೆ ಹೊಸ ಮಣ್ಣು ಹಾಕುತ್ತ ಹೋದರೆ ಹತ್ತಾರು ವರ್ಷದಲ್ಲಿ ದಪ್ಪ ಒಂದಡಿ ಮೀರುತ್ತದೆ. ಗೋಡೆಯೊಳಗೆ ಹೂತ ಜಂತಿಯ ತುದಿಗಳನ್ನು ಅಷ್ಟರಲ್ಲಿ ಗೆದ್ದಲು ತಿಂದಿರುತ್ತದೆ. ಹೊರಗಿನಿಂದ ಏನೂ ಕಾಣದು. ನಾಲ್ಕು ದಿನ ಬಿಡದೆ ಮಳೆ ಹಿಡಿದಾಗ ಹಳೆ ಮಾಳಿಗೆಗಳು ಕುಸಿಯುವುದು ಹೀಗೆ. ಆದ್ದರಿಂದ ಹೊಸ ಪದರ ಹಾಕುವ ಮುನ್ನ ಅಷ್ಟೇ ಹಳೆ ಮಣ್ಣು ತೆಗೆಯಿರಿ. ಜಂತಿಯ ತುದಿಗಳನ್ನು ವರ್ಷಕ್ಕೊಮ್ಮೆ ಸುತ್ತಿಗೆಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಕೆಳಗೆ ಮಲಗುವುದನ್ನು ಅಂದೇ ನಿಲ್ಲಿಸಬೇಕು.

ಸ್ಲ್ಯಾಬು ಆಗಲೇ ಇದ್ದರೆ ಅದರ ಮೇಲೆ ಮಣ್ಣು ಹೇರುವ ಯೋಚನೆ ಬೇಡ. ಸ್ಲ್ಯಾಬು ಆ ಭಾರಕ್ಕೆಂದು ಹಾಕಿದ್ದಲ್ಲ. ಸುಣ್ಣ ಬಳಿಯುವುದು ಎಲ್ಲಕ್ಕಿಂತ ಅಗ್ಗದ ದಾರಿ. ಬೂದು ಕಾಂಕ್ರೀಟು ಬಿಸಿಲಿನ ಶೇ. 60-70ನ್ನು ಹೀರಿಕೊಂಡರೆ ಹೊಸ ಸುಣ್ಣ ಹೀರುವುದು ಶೇ. 20-30 ಮಾತ್ರ. ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಐದು ಲೀಟರ್ ನೀರಿನ ಲೆಕ್ಕದಲ್ಲಿ ಅರಳಿಸಿ, ಒಂದು ರಾತ್ರಿ ಬಿಟ್ಟು ಬಟ್ಟೆಯಲ್ಲಿ ಸೋಸಿ, ಹಿಡಿದುಕೊಳ್ಳಲು ಸ್ವಲ್ಪ ಅಂಟು ಬೆರೆಸಿ. ಮೊದಲು ಛಾವಣಿ ಗುಡಿಸಿ ನೀರು ಚಿಮುಕಿಸಿ, ಸಂಜೆ ಹೊತ್ತಿನಲ್ಲಿ ತೆಳುವಾಗಿ ಎರಡು ಮೂರು ಸಲ ಬಳಿಯಿರಿ. ಕಾದ ಸ್ಲ್ಯಾಬಿಗೆ ಬಳಿದರೆ ಅದು ಹಪ್ಪಳೆ ಎದ್ದು ಗಾಳಿಗೆ ಹಾರುತ್ತದೆ. ಅರಳಿಸುವಾಗ ನೀರು ಕುದಿಯುತ್ತದೆ, ಕಣ್ಣಿಗೆ ಕನ್ನಡಕವಿಲ್ಲದೆ ಬಗ್ಗಬಾರದು, ಪ್ಲಾಸ್ಟಿಕ್ ಬಕೆಟ್ಟೂ ಬೇಡ. ಒಂದು ಮಳೆಗಾಲಕ್ಕೆ ಸುಣ್ಣ ತೊಳೆದು ಹೋಗುತ್ತದೆ, ಪ್ರತಿ ಫೆಬ್ರುವರಿ-ಮಾರ್ಚಿಗೆ ಮತ್ತೆ ಬಳಿಯಬೇಕು.

ತೋಟದ ಮಂಟಪ

ಸಂಜೆ ಕೂರುವ ಮಂಟಪಕ್ಕೆ 12 ಅಡಿಗೆ 12 ಅಡಿ ಒಳ್ಳೆಯ ಅಳತೆ. ಒಂದು ಮಂಚ, ನಾಲ್ಕು ಕುರ್ಚಿ ಹಿಡಿಯುತ್ತದೆ. ಮೂಲೆಗೊಂದರಂತೆ ನಾಲ್ಕು, ಬದಿಗಳ ನಡುವೆ ನಾಲ್ಕು, ಒಟ್ಟು ಎಂಟು ಕಲ್ಲುಕಂಬ. ಹತ್ತಡಿ ಕಂಬದಲ್ಲಿ ಎರಡೂವರೆ ಅಡಿ ನೆಲದೊಳಗೆ ಹೋದರೆ ಮೇಲೆ ಏಳೂವರೆ ಅಡಿ ಉಳಿಯುತ್ತದೆ. ಮರದ ಕಂಬವನ್ನು ನೇರ ಮಣ್ಣಿಗೆ ಹೂತರೆ ಗೆದ್ದಲಿನ ಪಾಲು.

ಹೊದಿಕೆಗೆ ಕಾಲುವೆ ಬದಿಯ ಆಪು (ಜೊಂಡು), ಹುಲ್ಲು ಅಥವಾ ಹೆಣೆದ ತೆಂಗಿನ ಗರಿ. ಇಳಿಜಾರು 45 ಡಿಗ್ರಿ ಇರಲೇಬೇಕು, ಕಮ್ಮಿಯಾದರೆ ನೀರು ಹರಿಯುವ ಬದಲು ಹುಲ್ಲಿನೊಳಗೆ ನಿಂತು ಕೊಳೆಯುತ್ತದೆ. 12 ಅಡಿ ಅಗಲಕ್ಕೆ ನಡುವೆ ಆರಡಿ ಎತ್ತಬೇಕು. ಹುಲ್ಲಿನ ದಪ್ಪ 8ರಿಂದ 10 ಇಂಚು. ತೆಂಗಿನ ಗರಿ ಒಂದೆರಡು ವರ್ಷ ಬಾಳುತ್ತದೆ, ಬಿಗಿಯಾಗಿ ಕಟ್ಟಿದ ಹುಲ್ಲು ಅದಕ್ಕಿಂತ ಹೆಚ್ಚು.

ಸೂರನ್ನು ಕಂಬಗಳ ಸಾಲಿಗಿಂತ ಎರಡಡಿ ಮುಂದೆ ಇಳಿಸಿದರೆ ಅದರ ಅಂಚು ಐದೂವರೆ ಅಡಿ ಎತ್ತರಕ್ಕೆ ಬರುತ್ತದೆ. ತಲೆ ತಗ್ಗಿಸಿ ಒಳಗೆ ಹೋಗಬೇಕು ಎಂದು ಇದನ್ನು ಎತ್ತರಿಸುವವರಿದ್ದಾರೆ. ಆದರೆ ಮೇ ತಿಂಗಳ ಸಂಜೆ 4ಕ್ಕೆ ಸೂರ್ಯ ಸುಮಾರು 37 ಡಿಗ್ರಿ ಎತ್ತರದಲ್ಲಿರುತ್ತಾನೆ. ಐದೂವರೆ ಅಡಿಯ ಸೂರಿದ್ದರೂ ಬಿಸಿಲು ಐದಡಿಯಷ್ಟು ಒಳಗೆ ಬರುತ್ತದೆ. 5 ಗಂಟೆಗೆ ಅವನು 23 ಡಿಗ್ರಿಗೆ ಇಳಿದಾಗ ಹತ್ತಡಿ ದಾಟುತ್ತದೆ. ಎಂದರೆ ಪಡುವಣ ಬದಿಗೆ ಸೂರು ಎಷ್ಟು ಇಳಿದರೂ ಸಾಲದು, ಆ ಬದಿಯನ್ನು ಬಿದಿರಿನ ತಟ್ಟಿಯಿಂದಲೋ ಬಳ್ಳಿಯಿಂದಲೋ ಮುಚ್ಚಬೇಕು. ಜನವರಿ ಕೊನೆಗೆ ಹೀರೆ ಬೀಜ ಹಾಕಿ ನೀರುಣಿಸಿದರೆ ಏಪ್ರಿಲ್ ಹೊತ್ತಿಗೆ ತಡಿಕೆ ತುಂಬುತ್ತದೆ. ಶಾಶ್ವತ ನೆರಳಿಗೆ ಪಡುವಣದಲ್ಲಿ ಬೇವು, ಹೊಂಗೆ. ಎರಡೂ ಬೇಸಿಗೆಯ ಮೊದಲಲ್ಲಿ ಎಲೆ ಉದುರಿಸಿ, ಬಿಸಿಲು ಏರುವ ಹೊತ್ತಿಗೆ ಹೊಸ ಚಿಗುರು ತುಂಬಿ ನಿಲ್ಲುತ್ತವೆ.

ಕೆಡುವುದು ಎರಡು ಕಡೆ. ಏಪ್ರಿಲ್-ಮೇ ತಿಂಗಳ ಬಿರುಗಾಳಿ ಮಳೆ ಇಂಥ ಛಾವಣಿಯನ್ನು ಒತ್ತುವುದಕ್ಕಿಂತ ಮೇಲಕ್ಕೆ ಎತ್ತುತ್ತದೆ. ಹಾಗಾಗಿ ಗಳುವನ್ನು ಅಡ್ಡತೊಲೆಗೆ, ಅಡ್ಡತೊಲೆಯನ್ನು ಕಂಬಕ್ಕೆ ತಂತಿಯಿಂದ ಬಿಗಿದಿರಬೇಕು, ಬರೀ ಭಾರಕ್ಕೆ ಕೂರಿಸಿದ್ದು ನಿಲ್ಲದು. ಎರಡನೆಯದು ಬೆಂಕಿ. ಭತ್ತದ ಹುಲ್ಲು ಸುಡುವ ಕಾಲದಲ್ಲಿ ಪಕ್ಕದ ಗದ್ದೆಯ ಕಿಡಿ ಸಾಕು. ಒಲೆ ದೂರವಿರಲಿ, ವೈರು ಪೈಪಿನೊಳಗಿರಲಿ, ಒಂದು ಡ್ರಮ್ ನೀರು ಸದಾ ತುಂಬಿರಲಿ.

ತಗಡು ಹೊದಿಸಿ ಆಗಿದ್ದರೆ

ಕಿತ್ತು ಹಾಕಬೇಕಿಲ್ಲ. ತಗಡಿನಿಂದ ಒಂದಡಿ ಮೇಲೆ ಜೋಳದ ದಂಟಿನದೋ ಗರಿಯದೋ ಹಂದರ ಹಾಕಿ, ನಡುವಿನ ಸಂದಿಯನ್ನು ಎರಡೂ ತುದಿಗೆ ತೆರೆದಿಡಿ. ಬಿಸಿಲು ಹಂದರಕ್ಕೆ ಬಿದ್ದು, ಕಾದ ಗಾಳಿ ಸಂದಿಯಿಂದ ಹೊರಟು ಹೋಗುತ್ತದೆ. ಹಂದರವನ್ನು ತಗಡಿಗೆ ಅಂಟಿಸಿ ಹಾಸಿದರೆ ಅರ್ಧ ಲಾಭ ಹೋಯಿತು, ಮಳೆಗಾಲದಲ್ಲಿ ತೇವ ಹಿಡಿದು ತಗಡೂ ತುಕ್ಕಾಗುತ್ತದೆ. ಶೇಡ್ ನೆಟ್ ಹಾಕುವುದಾದರೂ ಇದೇ ಅಂತರ. ಶೇ. 50ರ ನೆಟ್ಟು ಅರ್ಧ ಬಿಸಿಲನ್ನು ಮಾತ್ರ ತಡೆಯುತ್ತದೆ ಎನ್ನುವುದು ನೆನಪಿರಲಿ.

ನೀರಿನ ತಂಪು, ಮತ್ತು ಅದರ ಮಿತಿ

ಮಣ್ಣಿನ ಹರವಿಯ ನೀರು ತಣ್ಣಗಾಗುವಂತೆಯೇ ಕೂಲರ್ ಕೆಲಸ ಮಾಡುತ್ತದೆ. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಎಳೆದುಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾದ ಶಾಖ ಸುಮಾರು 0.67 ಯೂನಿಟ್ ವಿದ್ಯುತ್ತಿಗೆ ಸಮ. ಗಾಳಿ ಒಣಗಿದ್ದಷ್ಟೂ ಇದು ಜೋರು. ಹೊರಗೆ 40 ಡಿಗ್ರಿ, ಗಾಳಿಯ ತೇವಾಂಶ ಶೇ. 20 ಇರುವಾಗ ಸಾಧಾರಣ ಕೂಲರ್ 28 ಡಿಗ್ರಿಯ ಹತ್ತಿರ ಗಾಳಿ ಕೊಡಬಲ್ಲದು. ಜುಲೈನಲ್ಲಿ 32 ಡಿಗ್ರಿ, ತೇವಾಂಶ ಶೇ. 70 ಇದ್ದರೆ ಅದೇ ಕೂಲರ್ ಮೂರು ಡಿಗ್ರಿಗಿಂತ ಹೆಚ್ಚು ಇಳಿಸಲಾರದು. ಜೊತೆಗೆ ಮೈ ಅಂಟಂಟು. ಕೂಲರ್ ಕೆಟ್ಟಿತೆಂದು ರಿಪೇರಿಗೆ ಒಯ್ಯುವವರು ಮೊದಲು ಹವೆ ನೋಡಬೇಕು.

ಬಾಗಿಲು ಕಿಟಕಿ ಮುಚ್ಚಿ ಕೂಲರ್ ಹಾಕುವುದು ಸಾಮಾನ್ಯ ತಪ್ಪು. ತೇವ ತುಂಬಿದ ಗಾಳಿ ಹೊರಗೆ ಹೋಗದಿದ್ದರೆ ಅರ್ಧ ತಾಸಿಗೆ ಜುಲೈ ತಿಂಗಳ ಹವೆಯೇ ಕೋಣೆಯಲ್ಲಿ ತಯಾರಾಗುತ್ತದೆ. ಎದುರಿನ ಕಿಟಕಿ ಅರ್ಧವಾದರೂ ತೆರೆದಿರಬೇಕು. ಬೋರಿನ ಗಡಸು ನೀರಿನಿಂದ ಪ್ಯಾಡಿನ ಮೇಲೆ ಉಪ್ಪು ಕಟ್ಟುತ್ತದೆ. ವಾರಕ್ಕೊಮ್ಮೆ ತೊಟ್ಟಿ ಪೂರಾ ಖಾಲಿ ಮಾಡಿ ತೊಳೆಯಿರಿ, ಸೊಳ್ಳೆಯೂ ಅಲ್ಲಿ ಮೊಟ್ಟೆಯಿಡುತ್ತದೆ. ಕರೆಂಟಿಲ್ಲದ ಮಂಟಪಕ್ಕೆ ಗಾಳಿ ಬರುವ ಬದಿಯಲ್ಲಿ ಲಾವಂಚದ ತಟ್ಟಿ ಕಟ್ಟಿ ಆಗಾಗ ನೀರು ಚಿಮುಕಿಸಿದರೂ ಇದೇ ಫಲ.

ಎರೆ ನೆಲದ ಪಾಯ

ಎರೆ, ಎಂದರೆ ಕಪ್ಪು ಮಣ್ಣು, ನೆಂದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಎರಡಡಿ ಪಾಯದ ಮೇಲೆ ನಿಂತ ಗೋಡೆ ಅದರ ಜೊತೆಗೇ ಏರಿಳಿದು ಕಿಟಕಿಯ ಮೂಲೆಗಳಿಂದ ಓರೆಯಾಗಿ ಸೀಳುತ್ತದೆ. ಬೇಸಿಗೆಯ ಬಿರುಕು ಎಷ್ಟು ಆಳ ಹೋಗುತ್ತದೋ ಅದಕ್ಕಿಂತ ಕೆಳಗೆ, ಗರಸು (ಗಟ್ಟಿ ಕಲ್ಲುಮಣ್ಣು) ಸಿಕ್ಕುವವರೆಗೆ ತೋಡಬೇಕು. ಪಾಯದ ಬದಿಗೆ ತೋಡಿದ ಎರೆಯನ್ನೇ ಮರಳಿ ತುಂಬಬೇಡಿ, ಗರಸು ತುಂಬಿ. ಸುತ್ತಲೂ ಮೂರಡಿ ಅಗಲದ ಇಳಿಜಾರು ಫರ್ಸಿ ಹಾಸಿ, ಡ್ರಿಪ್ ಪೈಪು, ಬಚ್ಚಲ ನೀರು ಅದರಾಚೆಗೆ ಹೋಗುವಂತೆ ಮಾಡಿ. ಮಸಾರಿ (ಕೆಂಪು ಮಣ್ಣಿನ) ನೆಲದವರಿಗೆ ಈ ತಾಪತ್ರಯ ಕಮ್ಮಿ. ಹೊಲದಲ್ಲಿ ಎರಡೂ ಇದ್ದರೆ ಮನೆಯ ಜಾಗ ಮಸಾರಿಯಲ್ಲೇ ಹುಡುಕಿ.

ಕಾಗದಪತ್ರ

1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಸ್ವಂತ ಕೃಷಿಗೆ ಬೇಕಾದ ತೋಟದ ಮನೆ, ದನದ ಕೊಟ್ಟಿಗೆಯಂಥವನ್ನು ಹೊಲದಲ್ಲಿ ಕಟ್ಟಿಕೊಳ್ಳಬಹುದು. ಅದನ್ನೇ ಪ್ರವಾಸಿಗರಿಗೆ ಬಾಡಿಗೆ ಕೊಟ್ಟರೆ ಬಳಕೆ ಬದಲಾಗುತ್ತದೆ, ಭೂ ಪರಿವರ್ತನೆ, ಎಂದರೆ ಜನ ಎನ್.ಎ. ಎನ್ನುವುದು, ಆಗಿರಬೇಕು. ಆನೆಗೊಂದಿ ಸುತ್ತಲಿನ ಗಂಗಾವತಿ ಭಾಗದ ಹಳ್ಳಿಗಳು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ಬರುತ್ತವೆ. ಅಲ್ಲಿ ಕಟ್ಟಡಕ್ಕೆ ಪ್ರಾಧಿಕಾರದ ಅನುಮತಿ ಬೇರೆಯೇ ಬೇಕು. ಅಲ್ಲಿಯೇ ತುಂಗಭದ್ರೆಯ ನಡುಗಡ್ಡೆಯಾದ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ತೆರವಾದವು. ಆ ಭಾಗದಲ್ಲಿ ಜಾಗ ಕೊಳ್ಳುವವರು ಮುಂಗಡ ಕೊಡುವ ಮೊದಲೇ ಸರ್ವೆ ನಂಬರ್ ಹಿಡಿದು ಪ್ರಾಧಿಕಾರದ ಕಚೇರಿಯಲ್ಲಿ ಅದು ಯಾವ ವಲಯಕ್ಕೆ ಬರುತ್ತದೆ ಎಂದು ಬರಹದಲ್ಲಿ ಕೇಳಿಕೊಳ್ಳಬೇಕು.